ಬಾಯಲ್ಲಿ ಎಲೆಯಿದ್ದಾಗ

ಕುಡಚಿ ಸ್ಟೇಷನ್

ವಿದೇಶಕ್ಕೆ ಹೋಗಿಬಂದವರು ಸಾಮಾನ್ಯವಾಗಿ ವಿಮಾನದಿಂದ ಶುರು ಮಾಡುತ್ತಾರೆ. ನನ್ನ ಪ್ರಯಾಣ ಶುರುವಾದದ್ದು ಕುಡಚಿ ಸ್ಟೇಷನ್ನಿನಲ್ಲಿ. ಜಮಖಂಡಿಯವರಿಗೆ ಜಗತ್ತಿನ ಬಾಗಿಲು ಅದೇ. ನನ್ನನ್ನು ಕಳಿಸಲು ಗಲಗಲಿಯಿಂದ ಕಾಕಾ ಬಂದಿದ್ದರು, ರೈಲು ಹೊರಟಾಗ ಕಿಟಕಿಯೊಳಗೆ ಕೈಹಾಕಿ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಗಂಟು ಕೊಟ್ಟರು ಎಂದು ನನ್ನ ನೆನಪು.

"ಕಾಕಾ ಎಲ್ಲಿ ಬಂದಿದ್ರು? ಹಿಂಡಿ ಕಟ್ಟಿ ಕೊಟ್ಟಾಕಿ ನಾನು," ಎನ್ನುತ್ತಾಳೆ ಹೆಂಡತಿ.

ಇತಿಹಾಸ ಕಲಿಸುವವನು ನಾನು. ಧಾರವಾಡದಲ್ಲಿ ಓದಿದ ವರ್ಷಗಳಲ್ಲಿ ನನಗೆ ಗಟ್ಟಿಯಾಗಿ ಅಂಟಿದ್ದು ಒಂದೇ ಪ್ರಶ್ನೆ: ಇದಕ್ಕೆ ಸಾಕ್ಷಿ ಯಾರು? ಆ ಪ್ರಶ್ನೆಯನ್ನು ರಾಜರ ಮೇಲೆ, ಶಾಸನಗಳ ಮೇಲೆ, ದೇವರ ಮೇಲೆ ಪ್ರಯೋಗಿಸಿದೆ. ಈಗೀಗ ಅದು ನನ್ನ ಮೇಲೆಯೇ ತಿರುಗಿದೆ. ಆದ್ದರಿಂದ ಓದುಗರಿಗೆ ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದೆಲ್ಲ ನಾನು ಕಂಡದ್ದು. ಆದರೆ ಕಂಡವನ ಮೇಲೆ ನನಗೆ ಪೂರ್ತಿ ನಂಬಿಕೆಯಿಲ್ಲ.

ಸದ್ದಿಲ್ಲದ ನೇಕಾರರ ಊರು

ರಬಕವಿ-ಬನಹಟ್ಟಿಯ ನೇಕಾರರ ಬಗ್ಗೆ ನಾನು ಬರೆದದ್ದನ್ನು ಯಾರೋ ಓದಿ, ಇಂಗ್ಲೆಂಡಿನ ಉತ್ತರದ ಒಂದು ನೇಕಾರರ ಊರಲ್ಲಿ ಕೆಲವು ವಾರ ಇದ್ದು ನೋಡಿ ಬಾ ಎಂದು ಕರೆದಿದ್ದರು. ಹೋಗಿ ನೋಡಿದರೆ ನೇಕಾರಿಕೆಯೇ ಇಲ್ಲ. ಗಿರಣಿಗಳ ಗೋಡೆಗಳು ನಿಂತಿದ್ದವು, ಒಳಗೆ ಪಾರಿವಾಳಗಳಿದ್ದವು. ಒಂದರಲ್ಲಿ ಹಳೆಯ ಕುರ್ಚಿ-ಮೇಜು ಮಾರುತ್ತಿದ್ದರು.

ಬನಹಟ್ಟಿಯಲ್ಲಿ ನಾಲ್ಕು ದಿನ ಇದ್ದವನಿಗೆ ದನಿ ಎತ್ತಿ ಮಾತಾಡುವ ಚಟ ಹತ್ತುತ್ತದೆ. ಮಗ್ಗದ ಖಟಖಟದ ಮೇಲೆ ಮಾತು ಕೇಳಬೇಕಲ್ಲ. ಅಲ್ಲಿ ಊಟಕ್ಕೆ ಕರೆದರೂ ಜಗಳಕ್ಕೆ ಕರೆದ ಹಾಗೆ. ನನಗೂ ಆ ಚಟವಿದೆ. ಮೊದಲ ದಿನ ಊಟದ ಮೇಜಿನಲ್ಲಿ ಉಪ್ಪು ಕೇಳಿದೆ. ನಾನು ಇಳಿದುಕೊಂಡಿದ್ದ ಮನೆಯ ಒಡತಿ ಮಿಸೆಸ್ ಎಡಿತ್ ಆಶ್‌ವರ್ತ್ ಬೆಚ್ಚಿ ಹಿಂದೆ ಸರಿದರು. ಎಪ್ಪತ್ತು ದಾಟಿದ ವಿಧವೆ. ಹರೆಯದಿಂದಲೂ ಗಿರಣಿಯಲ್ಲಿ ನೇಯ್ದವರು.

"ನಮ್ಮ ಗಿರಣ್ಯಾಗೂ ಭಾಳ ಗದ್ದಲ ಇರ್ತಿತ್ತು, ತಮ್ಮಾ," ಅಂದರು. "ನಾವು ಒದರತಿರಲಿಲ್ಲ. ತುಟಿ ಅಷ್ಟ ಆಡಸ್ತಿದ್ವಿ. ಎದರಿಗಿದ್ದಾಕಿ ಓದಿಕೊಂತಿದ್ಲು."

ಅವರ ಮಾತನ್ನು ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತಿದ್ದೇನೆ. ಅವರ ಇಂಗ್ಲಿಷು ಲಂಡನ್ನಿನವರಿಗೆ ತಿಳಿಯುವುದಿಲ್ಲ, ನಮ್ಮ ಕನ್ನಡ ಮೈಸೂರಿನವರಿಗೆ ತಿಳಿಯದ ಹಾಗೆ. ಅಪರಿಚಿತನನ್ನೂ ಅಲ್ಲಿಯ ಮುದುಕಿಯರು ಅಕ್ಕರೆಯ ಒಂದು ಶಬ್ದ ಹಚ್ಚಿ ಕರೆಯುತ್ತಾರೆ. ಅದನ್ನು 'ತಮ್ಮಾ' ಎಂದಲ್ಲದೆ ಬೇರೆ ರೀತಿ ಬರೆಯಲು ನನಗೆ ಬರುವುದಿಲ್ಲ.

ಅಕ್ಕರೆಯ ಶಬ್ದ ಒಂದಿತ್ತು, ಅಷ್ಟೇ. ಉಳಿದಂತೆ ಆ ಊರಲ್ಲಿ ನನ್ನ ಜೊತೆ ಮಾತಾಡುತ್ತಿದ್ದವರೆಲ್ಲ ಮಳೆಯ ಬಗ್ಗೆ ಎರಡು ಮಾತಾಡಿ, ನಕ್ಕು, ಮುಂದೆ ಹೋಗುತ್ತಿದ್ದರು. ಯಾರೂ ನಿನ್ನ ಊರು ಯಾವುದು, ಮಕ್ಕಳೆಷ್ಟು, ಪಗಾರ ಎಷ್ಟು ಎಂದು ಕೇಳಲಿಲ್ಲ. ಜಮಖಂಡಿಯ ಬಸ್‌ಸ್ಟ್ಯಾಂಡಿನಲ್ಲಿ ಈ ಪ್ರಶ್ನೆಗಳಿಂದ ತಲೆಮರೆಸಿಕೊಂಡು ತಿರುಗಿದವನು ನಾನು. ಅಲ್ಲಿ ಅವುಗಳಿಗಾಗಿ ಕಾಯತೊಡಗಿದೆ.

ಗೇಟಿನ ಹಾಳೆ

ಆ ಊರಿನಲ್ಲಿ ಆಗ ಒಂದೇ ವಿಷಯ. ಇಕ್ಕಟ್ಟಾದ ಪೇಟೆ ಬೀದಿಯಲ್ಲಿ ದೊಡ್ಡ ಲಾರಿಗಳು ಓಡಾಡುತ್ತಿದ್ದವು. ಅವನ್ನು ಊರ ಹೊರಗೆ ಹಾಯಿಸಲು ಹೊಸ ರಸ್ತೆ ಮಾಡಬೇಕು ಎಂದು ಸರಕಾರದ ಯೋಜನೆ. ಆ ರಸ್ತೆಯ ಗೆರೆ ನೇರ ಮಿಸೆಸ್ ಆಶ್‌ವರ್ತರ ಅಡುಗೆಮನೆಯ ಮೇಲೆ ಹಾಯುತ್ತಿತ್ತು. ಸಾಲುಮನೆಗಳಲ್ಲಿ ಅವರದು ಕೊನೆಯದು. ಅವರು ಮದುವೆಯಾಗಿ ಬಂದ ಮನೆ, ಗಂಡ ಕಣ್ಣುಮುಚ್ಚಿದ ಮನೆ.

ಗೋಡೆಗೆ ಗೋಡೆ ಹತ್ತಿಕೊಂಡ ಪಕ್ಕದ ಮನೆ ಹೆರಾಲ್ಡ್ ಪಿಲ್ಲಿಂಗ್ ಎಂಬುವವರದು. ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದವರು. ಅವರ ಹೆಂಡತಿ ಪೇಟೆಯ ತಿರುವಿನಲ್ಲಿ ಲಾರಿಗೆ ಸಿಕ್ಕು ತೀರಿಕೊಂಡಿದ್ದರು. ಪಿಲ್ಲಿಂಗರಿಗೆ ರಸ್ತೆ ಬೇಕು, ಮಿಸೆಸ್ ಆಶ್‌ವರ್ತರಿಗೆ ಬೇಡ. ಇಬ್ಬರ ಮರದ ಗೇಟಿನ ಮೇಲೂ ಪಿನ್ನು ಚುಚ್ಚಿ ಹಾಳೆ ಹಚ್ಚಿದ್ದರು. ಒಂದರಲ್ಲಿ ಬೇಕು, ಇನ್ನೊಂದರಲ್ಲಿ ಬೇಡ.

ಒಂದು ಬೆಳಿಗ್ಗೆ ಜೋರು ಗಾಳಿ. ಕಿಟಕಿಯಿಂದ ನೋಡಿದರೆ ಪಿಲ್ಲಿಂಗ್ ನಮ್ಮ ಗೇಟಿನ ಹಾಳೆಗೆ ಕೈಹಾಕಿದ್ದರು. ಬನಹಟ್ಟಿಯಲ್ಲಿ ಮಗ್ಗದವರ ಮುಷ್ಕರವಾದಾಗ ಒಬ್ಬರು ಅಂಟಿಸಿದ ಹಾಳೆಗೆ ಇನ್ನೊಬ್ಬರು ಸೆಗಣಿ ಬಳಿದದ್ದನ್ನು ಕಂಡ ಕಣ್ಣು ನನ್ನದು. ಬರಿಗಾಲಲ್ಲಿ ಓಡಿದೆ.

"ಏ! ಏನ್ ಮಾಡಾಕತ್ತೀರಿ? ಕೈ ತಗೀರಿ!"

ಕೂಗಿದ್ದು ಕನ್ನಡದಲ್ಲಿ ಎಂದು ಗೊತ್ತಾದದ್ದು ಆಮೇಲೆ. ಪಿಲ್ಲಿಂಗ್ ತಿರುಗಿದರು. ಬಾಯಲ್ಲಿ ಗುಂಡುಪಿನ್ನುಗಳನ್ನು ಕಚ್ಚಿ ಹಿಡಿದಿದ್ದರು. ಅವನ್ನು ಅಂಗೈಗೆ ಉಗುಳಿ ಅಂದರು, "ಗಾಳಿಗೆ ಮೂಲಿ ಕಿತ್ತಿತ್ರಿ. ಎಡಿತ್‌ಗ ಬಗ್ಗಾಕ ಆಗೂದಿಲ್ಲ."

"ಆದ್ರ ನೀವು ರಸ್ತಾ ಬೇಕು ಅನ್ನಾವ್ರು."

"ಹೌದ್ರಿ. ಅದಕ್ಕ ಆಕಿ ಹಾಳಿ ಕೆಸರಾಗ ಬೀಳಬೇಕೇನು?"

ಆಮೇಲೆ ನನ್ನ ಕಾಲು ನೋಡಿ, "ಬೂಟು ಹಾಕ್ಕೋರಿ. ಜಗಳಾ ಮಾಡಾಕರೆ ಕಾಲು ಬೆಚ್ಚಗಿರಬೇಕು," ಎಂದು ಇನ್ನೊಂದು ಪಿನ್ನು ಚುಚ್ಚಿದರು.

ಅದೇ ಪಿಲ್ಲಿಂಗ್ ದಿನಾ ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ಒಂದು ಬಕೆಟ್ ಕಲ್ಲಿದ್ದಲು ಇಟ್ಟು, ಬಾಗಿಲು ಬಡಿದು ಹೋಗುತ್ತಿದ್ದರು. ಮಿಸೆಸ್ ಆಶ್‌ವರ್ತರ ಕೈಗೆ ಭಾರ ಎತ್ತುವ ಶಕ್ತಿ ಉಳಿದಿರಲಿಲ್ಲ. ನಾನೇ ತರುತ್ತೇನೆ ಎಂದರೆ ಅವರು ಒಪ್ಪಲಿಲ್ಲ. "ಅದು ಹೆರಾಲ್ಡನ ಕೆಲಸ," ಅಂದರು.

ಶನಿವಾರದ ಮೆರವಣಿಗೆ

ರಸ್ತೆ ಬೇಡ ಎನ್ನುವವರ ಮೆರವಣಿಗೆ ಹೊರಟಿತು. ನಾನೂ ಹಿಂದೆ ಹೋದೆ. ನಮ್ಮಲ್ಲಿ ಮೆರವಣಿಗೆ ಎಂದರೆ ಜಮಖಂಡಿಯ ಅಂಗಡಿಗಳ ಕದ ಧಡಧಡ ಬೀಳುವುದು ಮೊದಲು ಕೇಳಬೇಕು. ಇಲ್ಲಿ ಜನ ಫುಟ್‌ಪಾತಿನ ಮೇಲೆ ಇಬ್ಬಿಬ್ಬರಾಗಿ ನಡೆದರು. ಕೆಂಪು ದೀಪ ಬಂದಾಗ ನಿಂತರು. ಹೊಸ ರಸ್ತೆ ಯಾವ ಲಾರಿಗಳಿಗಾಗಿಯೋ ಅವುಗಳಿಗೇ ದಾರಿ ಬಿಟ್ಟರು. ಪೊಲೀಸನೊಬ್ಬ ಮುದುಕಿಯೊಬ್ಬಳ ಫಲಕ ಹಿಡಿದುಕೊಂಡು ನಿಂತಿದ್ದ, ಆಕೆ ಮೂಗು ಒರೆಸಿಕೊಳ್ಳುವವರೆಗೆ.

ನನಗೆ ನಗು ಬಂತು. ಸ್ವಲ್ಪ ಹೊತ್ತಿಗೆ ನಗು ಹೋಗಿ ಒಂಟಿತನ ಬಂತು. ಘೋಷಣೆಯಿಲ್ಲದ ಮೆರವಣಿಗೆಯಲ್ಲಿ ಹೊರಗಿನವನಿಗೆ ಜಾಗವಿಲ್ಲ. ನಮ್ಮೂರಲ್ಲಾದರೆ ಯಾವುದಕ್ಕೆ ಎಂದು ಗೊತ್ತಿಲ್ಲದವನೂ ನಾಲ್ಕು ಸಲ ಜಯಕಾರ ಹಾಕಿ ಒಳಗಿನವನಾಗಿಬಿಡಬಹುದು.

ಅಡುಗೆಮನೆಯಲ್ಲಿ ಗಲಗಲಿ

ಮರುದಿನ ಮಳೆ. ಒಲೆಯ ಮುಂದೆ ಕೂತು ಮಿಸೆಸ್ ಆಶ್‌ವರ್ತ್ ಕೇಳಿದರು. ಅಷ್ಟು ವಾರಗಳಲ್ಲಿ ನನ್ನ ಊರಿನ ಬಗ್ಗೆ ಯಾರಾದರೂ ಕೇಳಿದ ಮೊದಲ ಪ್ರಶ್ನೆ.

"ನಿಮ್ಮೂರಾಗ ಹಿಂತಾದ್ದು ಬಂದ್ರ ಹೆಂಗ ಮಾಡ್ತೀರಿ, ತಮ್ಮಾ?"

ಸೆಗಣಿಯ ಕಥೆ ಹೇಳಬಹುದಿತ್ತು. ಬಾಯಿಗೆ ಬಂದದ್ದು ಗಲಗಲಿ.

ಕೃಷ್ಣೆಯ ದಂಡೆಯ ನನ್ನ ಹುಟ್ಟೂರು ಅದು. ದೂರದಲ್ಲಿ ಆಣೆಕಟ್ಟು ಬರುತ್ತದೆ, ಹಿನ್ನೀರು ಇಲ್ಲಿಯವರೆಗೆ ಏರುತ್ತದೆ ಎಂಬ ಮಾತು ಎದ್ದ ಕಾಲ. ಸರಕಾರ ತೋರಿಸಿದ ಎತ್ತರದ ಜಾಗಕ್ಕೆ ಈಗಲೇ ಹೋಗೋಣ ಎನ್ನುವವರು ಅರ್ಧ ಊರು, ಸತ್ತರೂ ಏಳುವುದಿಲ್ಲ ಎನ್ನುವವರು ಅರ್ಧ. ನನ್ನ ಅಪ್ಪ ಏಳುವುದಿಲ್ಲ ಎನ್ನುವವರ ಕಡೆ. ಅಪ್ಪನ ತಮ್ಮ, ಕಾಕಾ, ಹೋಗೋಣ ಎನ್ನುವವರ ಕಡೆ. ಹೊಳೆದಂಡೆಯ ಬೇವಿನ ಕೆಳಗೆ ಪಂಚಾಯ್ತಿ ಕೂತಿತು.

ನಮ್ಮ ಹಿರಿಯರಲ್ಲಿ ಒಂದು ಪದ್ಧತಿಯಿತ್ತು. ಎದುರಾಳಿಯ ಚಂಚಿಯಿಂದ, ಅಂದರೆ ಎಲೆ-ಅಡಿಕೆಯ ಚೀಲದಿಂದ, ಎಲೆ ಇಸಿದುಕೊಂಡು ಬಾಯಿಗೆ ಹಾಕಿಕೊಂಡ ಮೇಲೆಯೇ ಮಾತು ಶುರು. ಬಾಯಲ್ಲಿ ಎಲೆಯಿದ್ದವನಿಗೆ ಕೂಗಲು ಬರುವುದಿಲ್ಲ. ಕೂಗಿದರೆ ಅವನ ಅಂಗಿಯೇ ಕೆಂಪಾಗುತ್ತದೆ. ಸಿಟ್ಟು ನೆತ್ತಿಗೇರಿದರೆ ಎದ್ದುಹೋಗಿ ಉಗುಳಿ ಬರಬೇಕು. ಉಗುಳಿ ಬರುವಷ್ಟರಲ್ಲಿ ಸಿಟ್ಟಿನ ಅರ್ಧ ಅಲ್ಲೇ ಬಿದ್ದಿರುತ್ತದೆ.

"ಅವತ್ತು ಕಾಕಾ ಚಂಚಿ ಬಿಚ್ಚಿ ಅಪ್ಪನ ಮುಂದ ಹಿಡಿದ್ರು," ಎಂದೆ. "ಅಪ್ಪ ಎಲಿ ತಗೊಂಡ್ರು. ತೊಟ್ಟು ಮುರದ್ರು, ಸುಣ್ಣಾ ಹಚ್ಚಿದ್ರು, ಬಾಯಾಗ ಇಟ್ಕೊಂಡ್ರು. ಸಾವಕಾಶ ಅಗದು, 'ತಮ್ಮಾ, ನಾ ಒಲ್ಲೆಪಾ' ಅಂದ್ರು. ಅಷ್ಟ."

ಹೇಳುತ್ತಿದ್ದಂತೆ ಅಪ್ಪನ ಕೆಂಪು ತುಟಿ ನನಗೆ ಸ್ಪಷ್ಟವಾಗಿ ಕಂಡಿತು. ಇಷ್ಟು ಸ್ಪಷ್ಟವಾಗಿ ಕಂಡದ್ದನ್ನು ಸಂಶಯಿಸಬೇಕು ಎಂದು ವಿದ್ಯಾರ್ಥಿಗಳಿಗೆ ಹೇಳುವವನು ನಾನು. ಆದರೆ ಮುದುಕಿ ಕಣ್ಣರಳಿಸಿ ಕೇಳುತ್ತಿದ್ದರು.

"ಆಮ್ಯಾಲ?"

"ಆಮ್ಯಾಲ ನಾ ಓದಾಕ ಧಾರವಾಡಕ್ಕ ಹೋದೆ. ಆ ಮಳಿಗಾಲದಾಗ ಅಪ್ಪ ಹ್ವಾದ್ರು."

ಅವರು ಒಲೆಯನ್ನು ಕೆದಕಿದರು. "ಛಲೋ ಪದ್ಧತಿ," ಅಂದರು.

ಸಭೆ

ರಸ್ತೆಯ ಬಗ್ಗೆ ಊರವರ ಮಾತು ಕೇಳಲು ಒಂದು ಸಭೆ, ಅದಕ್ಕೆ ಅಧಿಕಾರಿಗಳು ಬರುವವರಿದ್ದರು. ಅಲ್ಲಿ ಕೇಳಿದ್ದನ್ನು ನೋಡಿ ತೀರ್ಮಾನ. ಸಂಜೆ ಬಾಗಿಲು ಬಡಿದ ಸದ್ದು. ಪಿಲ್ಲಿಂಗ್, ತೊಪ್ಪಿಗೆ ಕೈಯಲ್ಲಿ ಹಿಡಿದು.

"ಮಳಿ ಐತಿ ಎಡಿತ್. ಕಾರು ತಗದೇನಿ."

ಅವರ ಮನೆ ಕೆಡವಿಸಲು ಹೊರಟವರೇ ಅವರಿಗಾಗಿ ಕಾರು ತೆಗೆದಿದ್ದರು! ಮಿಸೆಸ್ ಆಶ್‌ವರ್ತ್ ಏನೂ ವಿಶೇಷವಿಲ್ಲದಂತೆ ಕೊಡೆ ಬಿಟ್ಟು, ಕೈಚೀಲ ತೆಗೆದುಕೊಂಡು ಮುಂದಿನ ಸೀಟಿನಲ್ಲಿ ಕೂತರು. ನಾನು ಹಿಂದೆ. ಸಭಾಗೃಹದ ಮುಂದೆ ಕಾರು ನಿಂತಾಗ ಅವರು ಚೀಲದಿಂದ ಪೆಪ್ಪರಮಿಂಟಿನ ಪೊಟ್ಟಣ ತೆಗೆದರು.

"ತಗೋ ಹೆರಾಲ್ಡ್. ಇವರೂರಾಗ ಹಿಂಗ ಮಾಡ್ತಾರಂತ. ಎದರಿನವರ ಕಡಿಂದ ತಗೊಂಡು ಬಾಯಾಗ ಇಟ್ಕೊಬೇಕು. ಆಮ್ಯಾಲ ಬೇಕಾದ್ದು ಮಾತಾಡು."

ಪಿಲ್ಲಿಂಗ್ ಕನ್ನಡಿಯಲ್ಲಿ ನನ್ನನ್ನು ನೋಡಿದರು. "ವಿಷ ಇಲ್ಲಲ್ಲ?"

"ಇದ್ರ ನನ್ನ ಮನಿ ಉಳೀತದ."

ಅವರು ಒಂದು ತೆಗೆದುಕೊಂಡು ದವಡೆಗೆ ಒತ್ತಿಕೊಂಡರು. ಮಿಸೆಸ್ ಆಶ್‌ವರ್ತ್ ತಾವೂ ಒಂದು ಹಾಕಿಕೊಂಡರು. ಗಲಗಲಿಯ ಬೇವಿನ ನೆರಳು ಅಲ್ಲಿಯವರೆಗೆ ಬಂದಿತ್ತು.

ಒಳಗೆ ರಿಟೈರಾದ ಒಬ್ಬ ಟೀಚರು ಅಧ್ಯಕ್ಷೆ, ಮೇಜಿನ ಮೇಲೆ ಗಂಟೆ. ಅಲ್ಲಿಯ ನಿಯಮದ ಪ್ರಕಾರ ಯಾರೂ ಎದುರಾಳಿಯ ಮುಖ ನೋಡಿ ಮಾತಾಡುವಂತಿಲ್ಲ. ಎಲ್ಲವನ್ನೂ ಅಧ್ಯಕ್ಷರಿಗೆ ಹೇಳಬೇಕು. ಹೀಗಾಗಿ ಪಕ್ಕದಲ್ಲೇ ಕೂತವನ ಬಗ್ಗೆ, ಅವನು ಬೇರೆ ಊರಲ್ಲಿದ್ದಾನೆ ಎಂಬಂತೆ ಮಾತಾಡುತ್ತಾರೆ.

"ಎಡಿತ್‌ನ ಮನಿ ಹೋಗಲಿ ಅಂತ ನನಗ ಆಸೆ ಇಲ್ರಿ," ಎಂದು ಪಿಲ್ಲಿಂಗ್ ಎದ್ದರು. "ಆ ಮನ್ಯಾಗ ನಾ ಉಂಡೇನಿ. ಆದ್ರ ಪ್ಯಾಟಿ ತಿರುವಿನ್ಯಾಗ ನನ್ನ ಹೆಂಡ್ತಿ ಹ್ವಾದ್ಲು. ಇನ್ನೊಬ್ಬರ ಹೆಂಡ್ತಿ ಹೋಗಬಾರದು. ಮನಿ ಮತ್ತ ಕಟ್ಟಬಹುದ್ರಿ."

ಹಿಂದಿನ ಸಾಲಿನಿಂದ ಒಬ್ಬ ಕೂಗಿದ, "ನಿನ್ನ ಮನಿ ಹೊಂಟಿಲ್ಲಲ್ಲ ಹೆರಾಲ್ಡ್, ಬೇಕಾದಷ್ಟು ಮಾತಾಡು!"

ಪಿಲ್ಲಿಂಗರ ಮುಖ ಕೆಂಪೇರಿತು. ಆಮೇಲೆ ಉಬ್ಬಿದ ದವಡೆಗೆ ಬೆರಳು ಹಚ್ಚಿ, "ಬಾಯಾಗ ಎಡಿತ್‌ನ ಪೆಪ್ಪರಮಿಂಟ್ ಐತಿ. ಕರಗಲಿ, ಆಮ್ಯಾಲ ನಿನಗ ಬೈತೇನಿ," ಅಂದರು. ಸಭೆಯೆಲ್ಲ ನಕ್ಕಿತು. ಅಧ್ಯಕ್ಷೆ ಗಂಟೆ ಬಾರಿಸುವುದನ್ನು ಮರೆತರು.

ಮಿಸೆಸ್ ಆಶ್‌ವರ್ತ್ ಕೊನೆಗೆ ಎದ್ದರು. "ಹೆರಾಲ್ಡನ ಹೆಂಡ್ತಿ ನನ್ನ ಮಗ್ಗದ ಎದರಿನ ಮಗ್ಗದಾಕಿ. ಆಕಿ ತುಟಿ ನಾ ಓದ್ತಿದ್ದೆ. ರಸ್ತಾ ಬ್ಯಾಡ ಅನ್ನೂದಿಲ್ರಿ. ಒಂದೀಟು ಆ ಕಡೆ ಸರಸ್ರಿ ಅಂತೇನಿ. ಮುಪ್ಪಿನ್ಯಾಗ ಬ್ಯಾರೆ ಕಿಟಕಿ ರೂಢಿ ಆಗೂದಿಲ್ಲ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ನಾನೊಬ್ಬ ತಟ್ಟಿದೆ. ಎಲ್ಲರೂ ತಿರುಗಿ ನೋಡಿದ ಮೇಲೆ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ.

ಬಕೆಟ್

ನಾನು ಹೊರಡುವ ಮುಂಚಿನ ವಾರ ಸುದ್ದಿ ಬಂತು. ರಸ್ತೆ ಸರಿಯುವುದಿಲ್ಲ. ಮನೆ ಹೋಗುತ್ತದೆ.

ಮರುದಿನ ಬೆಳಿಗ್ಗೆ ಹಿತ್ತಲ ಬಾಗಿಲು ಬಡಿದ ಸದ್ದು. ಮಿಸೆಸ್ ಆಶ್‌ವರ್ತ್ ಏಳಲಿಲ್ಲ. ಮಧ್ಯಾಹ್ನವಾದರೂ ಬಕೆಟ್ ಅಲ್ಲೇ. ನಾನು ತರಲು ಎದ್ದೆ.

"ಮುಟ್ಟಬ್ಯಾಡ, ತಮ್ಮಾ."

ಮರುದಿನ ಪಿಲ್ಲಿಂಗ್ ಬಂದರು, ತುಂಬಿದ ಬಕೆಟ್ ಕಂಡರು, ಬಾಗಿಲು ಬಡಿದರು, ಹೋದರು. ಅದರ ಮರುದಿನವೂ ಹಾಗೆ. ಮನೆ ತಣ್ಣಗಾಯಿತು. ಕೋಟು ಹಾಕಿಕೊಂಡೇ ನಾವಿಬ್ಬರೂ ಬೇಯಿಸಿದ ಬಟಾಟೆ ತಿಂದೆವು. ಅವರು ಪಿಲ್ಲಿಂಗರ ಬಗ್ಗೆ ಒಂದು ಕೆಟ್ಟ ಮಾತಾಡಲಿಲ್ಲ, ಒಂದು ಒಳ್ಳೆಯ ಮಾತೂ ಆಡಲಿಲ್ಲ. ನಮ್ಮಲ್ಲಾದರೆ ಇಷ್ಟೊತ್ತಿಗೆ ಓಣಿಯಲ್ಲಿ ನಿಂತು ಏಳು ತಲೆಮಾರು ಜಾಲಾಡಿ, ಅತ್ತು, ಯಾರೋ ನಡುವೆ ಬಂದು, ರೊಟ್ಟಿ ಪಲ್ಯಕ್ಕೆ ಕೂರಿಸುತ್ತಿದ್ದರು ಎಂದುಕೊಂಡೆ. ಸಭ್ಯತೆಗೆ ನಡುವೆ ಬರುವವರು ಯಾರೂ ಇರುವುದಿಲ್ಲ. ಗೋಡೆಯ ಆಚೆ ಒಬ್ಬ ಮುದುಕ, ಈಚೆ ಒಬ್ಬ ಮುದುಕಿ, ಇಬ್ಬರ ರೇಡಿಯೋದಲ್ಲೂ ಒಂದೇ ಹಾಡು.

ಹೊರಡುವ ದಿನ ನನ್ನ ಪೆಟ್ಟಿಗೆ ಬಾಗಿಲಲ್ಲಿತ್ತು. ಮಿಸೆಸ್ ಆಶ್‌ವರ್ತ್ ಹಿತ್ತಲ ಬಾಗಿಲು ತೆರೆದರು. ಕೈಚೀಲದಿಂದ ಒಂದು ಪೆಪ್ಪರಮಿಂಟು ತೆಗೆದು, ಬಕೆಟ್ಟಿನ ಕರಿ ಕಲ್ಲಿದ್ದಲಿನ ಮೇಲೆ ಇಟ್ಟರು. ಆಗ ನಾನು ಪಕ್ಕದ ಮನೆಯತ್ತ ನೋಡಿದೆ. ಕಿಟಕಿಯ ಗಾಜಿನ ಹಿಂದೆ ಪಿಲ್ಲಿಂಗ್ ನಿಂತಿದ್ದರು. ಅವರ ತುಟಿಗಳು ಆಡಿದವು, ದೊಡ್ಡದಾಗಿ, ನಿಧಾನವಾಗಿ. ಮಿಸೆಸ್ ಆಶ್‌ವರ್ತ್ ಓದಿದರು. ತಾವೂ ತುಟಿ ಆಡಿಸಿದರು. ಸದ್ದಿಲ್ಲ.

"ಏನಂದ್ರು?" ಎಂದೆ.

"ಬಸ್ಸು ತಪ್ಪೀತು ತಮ್ಮಾ. ನಡಿ," ಅಂದರು.

ಗಲಗಲಿ

ಊರಿಗೆ ಬಂದ ಮೇಲೆ ಕಾಕಾನನ್ನು ನೋಡಲು ಗಲಗಲಿಗೆ ಹೋದೆ. ನೀರು ಇನ್ನೂ ಬಂದಿರಲಿಲ್ಲ. ಕಾಕಾ ಎತ್ತರದ ಜಾಗಕ್ಕೆ ಹೋಗಿ ಮನೆ ಕಟ್ಟಿದ್ದರು; ಅಲ್ಲಿಂದ ಹೊಳೆಯೂ ಆ ಬೇವೂ ಕಾಣುತ್ತವೆ. ಕಟ್ಟೆಯ ಮೇಲೆ ಕೂತು ನಾನು ಇಂಗ್ಲೆಂಡಿನ ಕಥೆ ಹೇಳಿದೆ. ಕಾಕಾನ ಹೆಂಡತಿ ಚಿಗವ್ವ ಹೊಸ್ತಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಪೆಪ್ಪರಮಿಂಟಿನ ಪ್ರಸಂಗ ಬಂದಾಗ ನಕ್ಕಳು. ಕಾಕಾ ನಗಲಿಲ್ಲ.

"ನಿಮ್ಮಪ್ಪ ಎಲಿ ತಗೊಂಡಿದ್ರು ಅಂತ ಯಾರು ಹೇಳಿದ್ರು ನಿನಗ?"

"ನಾ ಕಣ್ಣಾರೆ ಕಂಡೇನಲ್ಲ, ಕಾಕಾ."

"ನೀ ಕಂಡದ್ದು ನಾ ಚಂಚಿ ಹಿಡದದ್ದು. ನಿಮ್ಮಪ್ಪ ಮಾರಿ ಹೊಳಿ ಕಡೆ ತಿರುವಿದ್ರು. ಇಡೀ ಊರ ಮುಂದ ನನ್ನ ಕೈ ಹಂಗ ಉಳೀತು." ಕಾಕಾ ಕೈಯನ್ನು ಮುಂದೆ ಚಾಚಿ ತೋರಿಸಿದರು. ಇಷ್ಟು ವರ್ಷಗಳ ಮೇಲೂ ಅದು ಸರಿಯಾಗಿ ಆ ಎತ್ತರಕ್ಕೆ ನಿಂತಿತು. "ಆಮ್ಯಾಲ ನಾವಿಬ್ರೂ ಮಾತಾಡಲಿಲ್ಲ. ಸಾಯೂ ಮುಂದೂ ಆಡಲಿಲ್ಲ."

ನಾನು ಅಪ್ಪನ ಕೆಂಪು ತುಟಿಯನ್ನು ಮತ್ತೆ ನೆನೆದೆ. ಅದು ಈಗಲೂ ಸ್ಪಷ್ಟವಾಗಿ ಕಾಣುತ್ತಿತ್ತು. ಬೇರೆ ಯಾವುದೋ ಊಟದ ನಂತರದ ತುಟಿ ಇರಬೇಕು. ಎಂದೂ ಆಗದ ಒಂದನ್ನು ನಾನು ಹೇಳಿದ್ದೆ. ಅದನ್ನು ಖರೆ ಎಂದು ನಂಬಿ ಇಬ್ಬರು ಮುದುಕರು ದೂರದ ಊರಲ್ಲಿ ಮಾಡಿ ತೋರಿಸಿದ್ದರು.

"ತಗೊಂಡಿದ್ರು," ಎಂದಳು ಚಿಗವ್ವ. ಮೊರದಿಂದ ತಲೆ ಎತ್ತಲಿಲ್ಲ.

"ಏನು?" ಎಂದರು ಕಾಕಾ.

"ಎಲಿ. ಪಂಚಾತಿ ಮುಗದು ಎಲ್ಲಾರೂ ಎದ್ದ ಮ್ಯಾಲ, ನಿಮ್ಮ ಚಂಚಿ ಅಲ್ಲೇ ಕಟ್ಟಿ ಮ್ಯಾಲ ಬಿಟ್ಟು ಬಂದಿದ್ರಿ, ನೆಪ್ಪೈತಿ? ಭಾವನವರು ಅದರಾಗಿಂದ ಒಂದು ಎಲಿ ತಗದು ಅಂಗಿ ಕಿಸೇದಾಗ ಇಟ್ಕೊಂಡಿದ್ರಂತ. ತಿನ್ನಲಿಲ್ಲ. ತೀರಿಕೊಂಡ ಮ್ಯಾಲ ಅಕ್ಕ, ಇವನವ್ವ, ಅವರ ಅಂಗಿ ಝಾಡಿಸಿದ್ರ ಒಣಗಿದ ಎಲಿ ಉದುರಿತ್ತು. ನನಗ ತೋರಿಸಿದ್ಲು."

ಕಾಕಾ ಚಾಚಿದ್ದ ಕೈಯನ್ನು ತೊಡೆಯ ಮೇಲೆ ಇಳಿಸಿದರು. "ಇಷ್ಟ ದಿನಾ ಯಾಕ ಹೇಳಲಿಲ್ಲಬೇ?"

"ಹೇಳಿದ್ರ ಯಾರ ಕೂಡ ಹೋಗಿ ಮಾತಾಡ್ತಿದ್ರಿ?" ಎಂದಳು ಚಿಗವ್ವ.

ಸಾಕ್ಷಿ ಯಾರು ಎಂದು ಕೇಳಬಹುದಿತ್ತು. ಅವ್ವ ಈಗಿಲ್ಲ. ಆ ಎಲೆ ಕಾಕಾನ ಚಂಚಿಯದೇ, ಬೇರೆ ಯಾವುದೋ ದಿನದ್ದೇ, ಅಥವಾ ಆ ಕ್ಷಣದಲ್ಲಿ ಗಂಡನ ಚಾಚಿದ ಕೈ ನೋಡಲಾರದೆ ಚಿಗವ್ವ ಕಟ್ಟಿದ ಕಥೆಯೇ, ತಿಳಿಯುವ ದಾರಿಯಿಲ್ಲ. ನಾನು ಕೇಳಲಿಲ್ಲ.

ಕಾಕಾ ಚಂಚಿ ಬಿಚ್ಚಿದರು. ಎಲೆಯನ್ನು ತೊಡೆಗೆ ಒರೆಸಿ, ತೊಟ್ಟು ಮುರಿದು, ಸುಣ್ಣ ಹಚ್ಚಿ, ಮಡಿಸಿ ನನ್ನ ಮುಂದೆ ಹಿಡಿದರು. ನಾನು ಎಲೆ ತಿನ್ನುವವನಲ್ಲ. ಅದು ಅವರಿಗೆ ಗೊತ್ತು.

ತೆಗೆದುಕೊಂಡೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಬಾಯಿ ತುಂಬಿತ್ತು, ಏನೂ ಹೇಳಲು ಬರುವಂತಿರಲಿಲ್ಲ. ಕಾಕಾ ಹೊಳೆಯ ಕಡೆ ಮುಖ ತಿರುಗಿಸಿ ಕೂತಿದ್ದರು. ಅವರ ತುಟಿಗಳು ಆಡುತ್ತಿದ್ದವು, ಸದ್ದಿಲ್ಲದೆ. ನನಗೆ ಓದಲು ಬರಲಿಲ್ಲ.